ಮೂರು ಕುರಿಮರಿ ಮತ್ತು ನಮ್ಮ ಮೇಷ್ಟ್ರು

ರಿಟೈರಾದ ಮೇಷ್ಟ್ರುಗಳಲ್ಲಿ ಕೆಲವರು ತೆಂಗಿನ ತೋಟಕ್ಕೆ ಇಳಿಯುತ್ತಾರೆ, ಕೆಲವರು ಸೊಸೈಟಿ ಎಲೆಕ್ಷನ್ನಿಗೆ ನಿಲ್ಲುತ್ತಾರೆ. ಮಿಕ್ಕವರು ಮಕ್ಕಳ ಸಾಹಿತಿಗಳಾಗುತ್ತಾರೆ. ನಮ್ಮ ಪಕ್ಕದ ಮನೆಯವರು ಈ ಮೂರನೇ ಪೈಕಿ. ವಾಸ ಕಡೂರು, ಪುಸ್ತಕ ಬಿಡುಗಡೆ ತರೀಕೆರೆ, ಸನ್ಮಾನ ಅಜ್ಜಂಪುರ. ಇಂಥವರು ಮೂರೂ ತಾಲ್ಲೂಕಿನಲ್ಲಿ ಹೋಬಳಿಗೊಬ್ಬರಂತೆ ಸಿಗುವುದರಿಂದ ಹೆಸರು ಹೇಳಬೇಕಾಗಿಲ್ಲ. ಕಾವ್ಯನಾಮ ಮಾತ್ರ ಹೇಳುತ್ತೇನೆ: ‘ಬಾಲಾನಂದ’. ಅಜ್ಜಂಪುರ ಸೀತಾರಾಂ ಅವರು ‘ಆನಂದ’ರಾಗಿ ಸಣ್ಣಕತೆ ಬರೆದರಲ್ಲ, ಆ ಆನಂದದ ಮರಿ ಇದು ಅಂತೆ. ಪಂಜೆ ಮಂಗೇಶರಾಯರಂಥವರೇ ‘ಕವಿಶಿಷ್ಯ’ ಎಂದು ಕರೆದುಕೊಂಡು ಸುಮ್ಮನಿದ್ದರು. ನಮ್ಮ ಮೇಷ್ಟ್ರು ಶಿಷ್ಯರಾದದ್ದು ಎರಡೇ ದಿನ, ಒಂದು ಕಮ್ಮಟದಲ್ಲಿ.

ಆ ಕಮ್ಮಟದಲ್ಲಿ ಯಾರೋ “ಮಕ್ಕಳ ಮಟ್ಟಕ್ಕೆ ಇಳಿದು ಬರೆಯಬೇಕು” ಅಂದರಂತೆ. ಅಂದಿನಿಂದ ಮೇಷ್ಟ್ರು ಕುರ್ಚಿ ಬಿಟ್ಟು ಚಾಪೆಯ ಮೇಲೆ ಕೂತು ಬರೆಯುತ್ತಾರೆ. ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಕೈ ಹೆಂಡತಿಗೆ.

“ಕುವೆಂಪು ಏನು ಮಾಡಿದರು? ಬ್ರೌನಿಂಗನ ಹ್ಯಾಮೆಲಿನ್ ಊರನ್ನು ತುಂಗಾತೀರಕ್ಕೆ ತಂದು ಬೊಮ್ಮನಹಳ್ಳಿ ಮಾಡಲಿಲ್ಲವೇ?” ಎಂದು ಇವರೂ ಒಂದು ಇಂಗ್ಲಿಷ್ ಕತೆಯನ್ನು ಕಡೂರಿಗೆ ತಂದರು. ಟಾಮ್ ಹೋಗಿ ತಮ್ಮಯ್ಯ ಆದ. ಮಿಕ್ಕದ್ದೆಲ್ಲ ಇದ್ದ ಹಾಗೇ ಇತ್ತು. ಮಳೆಗೇ ಆಕಾಶ ನೋಡುತ್ತಾ ಕೂರುವ ಕಡೂರಿನಲ್ಲಿ ಮೊಣಕಾಲುದ್ದ ಹಿಮ ಬೀಳಿಸಿದ ಕೀರ್ತಿ ಇವರೊಬ್ಬರದೇ.

ಇವರ ಕಾಡಿಗೆಲ್ಲ ರಾಜ ಸಿಂಹ. “ಮೇಷ್ಟ್ರೇ, ಲಕ್ಕವಳ್ಳಿ ಕಡೆ ಹೋದರೆ ಭದ್ರಾ ಕಾಡು. ಅಲ್ಲಿ ಹುಲಿ ಇದೆ, ಸಿಂಹ ಎಲ್ಲಿಂದ ಬಂತು?” ಎಂದು ಒಮ್ಮೆ ಕೇಳಿಬಿಟ್ಟೆ. “ಕನ್ನಡದಲ್ಲಿ ಪಂಚತಂತ್ರ ಬರೆದವನು ಯಾರು ಕಣ್ರೀ? ದುರ್ಗಸಿಂಹ! ಬರೆದವನ ಹೆಸರಲ್ಲೇ ಸಿಂಹ ಇದೆ” ಅಂದರು. ನಾನು ಕಾಫಿ ಲೋಟ ಕೆಳಗಿಟ್ಟೆ.

ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಲೆಕ್ಕ ಅವರಿಗೆ ಬಾಯಿಪಾಠ. 2010ರಲ್ಲಿ ಬೊಳುವಾರರ ಗಾಂಧಿ ಕತೆ, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಕೊನೆಯ ಎರಡೂ ಕಾದಂಬರಿ ಎಂದು ತಿಳಿದದ್ದೇ ತಡ, ಹದಿಹರೆಯದವರಿಗೆ ಒಂದು ಕಾದಂಬರಿ ಶುರುವಾಯಿತು. ಪಿಯುಸಿ ಓದುವ ಮೊಮ್ಮಗಳು ಮೊದಲ ಪುಟ ನೋಡಿ, “ಅಜ್ಜ, ‘ಎಲೈ ಗೆಳತಿಯೇ’ ಅಂತ ನಮ್ಮ ಕಾಲೇಜಲ್ಲಿ ಯಾರೂ ಕರೆಯಲ್ಲ. ಹುಡುಗರು ಬ್ರೋ ಅಂತಾರೆ, ಹುಡುಗೀರೂ ಬ್ರೋ ಅಂತಾರೆ” ಅಂದಳು. ಮೇಷ್ಟ್ರು ವಿನಯದಿಂದ ಬರೆದುಕೊಂಡರು. ಎರಡನೇ ಅಧ್ಯಾಯದಲ್ಲಿ ಆಲದ ಮರದ ಮುದಿ ಗೂಬೆ, “ಸತ್ಯಕ್ಕೇ ಜಯ, ಬ್ರೋ” ಎಂದು ಉಪದೇಶ ಮಾಡಿತು.

ಉಪದೇಶ ಇಲ್ಲದೆ ಅವರಿಗೆ ಕತೆ ಮುಗಿಸಲು ಬರುವುದಿಲ್ಲ. ಮೂವತ್ತು ವರ್ಷ ಪಾಠದ ಕೊನೆಗೆ ಪ್ರಶ್ನೋತ್ತರ ಬರೆಸಿದ ಕೈ.

ಹೋದ ತಿಂಗಳು ತರೀಕೆರೆಯಲ್ಲಿ ಹೊಸ ಪುಸ್ತಕದ ಬಿಡುಗಡೆ. ತರೀಕೆರೆ ಏರಿ ಮೇಲಿನ ಕರಿ ಕುರಿಮರಿಗಳನ್ನು ನಾಲಿಗೆ ಹೊರಳಿಸಲು ಬಳಸದ ಕನ್ನಡದ ಮಗು ಉಂಟೇ? ಮೇಷ್ಟ್ರು ಆ ಮೂರು ಮರಿಗಳನ್ನೂ ಹಿಡಿದು ಒಂದಕ್ಕೆ ಸತ್ಯ, ಒಂದಕ್ಕೆ ಶುಚಿತ್ವ, ಇನ್ನೊಂದಕ್ಕೆ ವಿಧೇಯತೆ ಕಲಿಸಿ ಹನ್ನೆರಡು ಅಧ್ಯಾಯ ಮಾಡಿದ್ದರು. ಮೇಯಲು ಬಿಟ್ಟದ್ದು ಒಂದು ಅಧ್ಯಾಯದಲ್ಲಿ ಮಾತ್ರ.

“ಈ ಕತೆಯಿಂದ ಏನು ಕಲಿತಿರಿ, ಮಕ್ಕಳೇ?” ಎಂದು ಮೈಕಿನಲ್ಲಿ ಕೇಳಿದರು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸಾರ್, ಕರಿ ಕುರಿಮರಿ ಅಂತ ಹತ್ತು ಸಲ ಜೋರಾಗಿ ಹೇಳಿ” ಅಂದ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೊರಟರು. ಮೂರನೆಯದರಲ್ಲಿ ಕುರಿ ಕರಿಯಾಯಿತು, ಐದನೆಯದರಲ್ಲಿ ಮರಿ ಮುರಿಯಿತು. ಮಕ್ಕಳು ಬೆಂಚು ಬಡಿದು ನಕ್ಕವು. ಅಷ್ಟು ಪುಸ್ತಕಗಳಲ್ಲಿ ಅವರಿಗೆ ಅಂಥ ನಗು ಸಿಕ್ಕಿರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರೂ ಮೇಷ್ಟ್ರು ಮೈಕ್ ಬಿಡದೆ ಮತ್ತೆ ಮೊದಲಿಂದ ಶುರುಮಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಶಾಲು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಏನೋ ಗೊಣಗುತ್ತಿದ್ದರು. ಕಂಡಕ್ಟರ್ ಬಂದು, “ಎಲ್ಲಿಗೆ ಯಜಮಾನ್ರೇ?” ಅಂದ.

“ಎರಡು ಕರೂಡು” ಅಂದರು ಮೇಷ್ಟ್ರು.