ನೀರೆತ್ತದ ಎಂಜಿನ್ನು

ನಮ್ಮ ಬೆಳ್ಳಾವಿ ಕಡೆ ಎಂಜಿನ್ ಎಂದರೆ ನೀರೆತ್ತಬೇಕು. ನೀರೆತ್ತದಿದ್ದರೆ ಗಾಡಿಯನ್ನಾದರೂ ಎಳೆಯಬೇಕು, ರಾಗಿಯನ್ನಾದರೂ ಬೀಸಬೇಕು. ಇದ್ಯಾವುದನ್ನೂ ಮಾಡದೆ ಸುಮ್ಮನೆ ತಿರುಗುವ ಎಂಜಿನ್ನನ್ನು ದುಡ್ಡು ಕೊಟ್ಟು ತರಿಸಿಕೊಂಡವನ ಮೇಲೆ ಊರಿಗೆ ಅನುಮಾನ ಬಂದರೆ ತಪ್ಪೇನಿಲ್ಲ. ನಾನು ತರಿಸಿದ್ದು ಸ್ಟರ್ಲಿಂಗ್ ಎಂಜಿನ್ನಿನ ಮಾದರಿ. ಡೀಸೆಲ್ ಬೇಡ, ಕರೆಂಟ್ ಬೇಡ, ಬಿಸಿ ಕಾಫಿಯ ಮೇಲಿಟ್ಟರೆ ಸಾಕು, ಚಕ್ರ ತಿರುಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ಒಳಗೆ ಬಿಡಿಭಾಗಗಳೂ, ಧಾರಾಳವಾಗಿ ಚೀನೀ ಭಾಷೆಯೂ ಇದ್ದವು.

ಜೋಡಿಸುವುದೇನೂ ಕಷ್ಟವಲ್ಲ. ಕೆಳಗೊಂದು ತಟ್ಟೆ, ಮೇಲೊಂದು ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಬಳೆ. ಅದರೊಳಗೆ ಥರ್ಮೊಕೋಲಿನಂಥ ಹಗುರ ಬಿಲ್ಲೆಯೊಂದು ಎಲ್ಲಿಯೂ ತಾಗದ ಹಾಗೆ ಏಳುತ್ತ ಬೀಳುತ್ತ ಇರುತ್ತದೆ. ಬಿಲ್ಲೆ ಮೇಲೆದ್ದರೆ ಗಾಳಿ ಕೆಳಗಿನ ಬಿಸಿ ತಟ್ಟೆಗೆ ಸರಿದು ಹಿಗ್ಗುತ್ತದೆ; ಬಿಲ್ಲೆ ಇಳಿದರೆ ಮೇಲಿನ ತಣ್ಣನೆ ತಟ್ಟೆಗೆ ಸರಿದು ಕುಗ್ಗುತ್ತದೆ. ಆ ಹಿಗ್ಗು ಕುಗ್ಗಿಗೆ ಪಕ್ಕದ ಪುಟ್ಟ ಗಾಜಿನ ಸಿಲಿಂಡರಿನಲ್ಲಿ ಪಿಸ್ಟನ್ ಏರಿಳಿಯುತ್ತದೆ, ಚಕ್ರ ಸುತ್ತುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಒಳಗಿನ ಗಾಳಿಯೇ ಮತ್ತೆ ಮತ್ತೆ ದುಡಿಯುತ್ತದೆ. ಒಂದೇ ಷರತ್ತು: ಬಿಲ್ಲೆ ಪಿಸ್ಟನ್ನಿಗಿಂತ ಕಾಲು ಸುತ್ತು ಮುಂದಿರಬೇಕು.

ಕಾಫಿ ಲೋಟದ ಬಾಯಿ ಚಿಕ್ಕದೆಂದು ಅಗಲವಾದ ಪಾತ್ರೆಗೆ ಕಾಫಿ ಸುರಿದು, ಮೇಲೆ ಎಂಜಿನ್ ಇಟ್ಟು, ಬೆರಳಿನಿಂದ ಚಕ್ರ ತಳ್ಳಿದೆ. ಇದು ತಾನಾಗಿ ಹೊರಡುವ ಜಾತಿಯಲ್ಲ, ತಳ್ಳಲೇಬೇಕು. ಅರ್ಧ ಸುತ್ತಿ ನಿಂತಿತು.

"ಕುಡಿಯೋ ಕಾಫೀನ ಅದಕ್ಕೆ ಕುಡಿಸ್ತಿದೀಯಲ್ಲೋ" ಎಂದು ದೊಡ್ಡಮ್ಮ ಜಗಲಿಗೆ ಬಂದಳು. ಅವಳ ಹಿಂದೆಯೇ, ನಮ್ಮ ಬೋರ್‌ವೆಲ್ಲಿನ ಸ್ಟಾರ್ಟರ್ ನೋಡಲು ಬಂದಿದ್ದ ಮೋಟರ್ ರಿಪೇರಿಯವನೂ ಬಂದ.

"ಎಷ್ಟು ಎಚ್‌ಪಿ ಸಾ?"

ನ್ಯಾಯವಾದ ಪ್ರಶ್ನೆ. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಇಂಥ ಆಟಿಕೆಯಿಂದ ಹೊರಡುವುದು ಕೆಲವೇ ಮಿಲಿವ್ಯಾಟ್. ಐದು ಎಂದಿಟ್ಟುಕೊಂಡರೂ ಒಂದು ಎಚ್‌ಪಿಗೆ ಒಂದೂವರೆ ಲಕ್ಷ ಎಂಜಿನ್ ಬೇಕು, ನಮ್ಮ ತೋಟದ ಐದು ಎಚ್‌ಪಿ ಪಂಪಿಗೆ ಏಳೂವರೆ ಲಕ್ಷ. ಒಂದೊಂದರ ಕೆಳಗೂ ಒಂದೊಂದು ಪಾತ್ರೆ ಕಾಫಿ. ಲೆಕ್ಕ ಕೇಳಿ ಅವನು ನಗಲಿಲ್ಲ. "ಸಿಂಗಲ್ ಫೇಸ್ ಕರೆಂಟಿಗಿಂತ ವಾಸಿ ಬುಡಿ" ಅಂದ.

ಆಮೇಲೆ ಚಿಕಿತ್ಸೆ ಶುರುವಾಯಿತು. ಗಾಳಿ ಎಲ್ಲೋ ಸೋರುತ್ತಿದೆ, ಟ್ಯೂಬಿನ ಹಾಗೆ ನೀರಿನ ಟಬ್ಬಿನಲ್ಲಿ ಅದ್ದಿದರೆ ಗುಳ್ಳೆ ಕಾಣುತ್ತದೆ ಎಂದು ಅವನ ವಾದ. ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ದೊಡ್ಡಮ್ಮನ ವಾದ. ಸಂತೆಗೆ ಹೊರಟಿದ್ದವರೊಬ್ಬರು ಚೀಲ ಕೆಳಗಿಟ್ಟು, ಇದನ್ನು ಕಂಡುಹಿಡಿದವರಾರು ಎಂದು ಕೇಳಿದರು. ರಾಬರ್ಟ್ ಸ್ಟರ್ಲಿಂಗ್ ಅಂತ ಸ್ಕಾಟ್ಲೆಂಡಿನ ಪಾದ್ರಿ, 1816ರಲ್ಲಿ ಪೇಟೆಂಟ್ ಮಾಡಿಸಿದ, ಎರಡು ವರ್ಷದ ಮೇಲೆ ಕಲ್ಲುಕ್ವಾರಿಯೊಂದರ ನೀರು ಎತ್ತಲು ಅಂಥದೊಂದು ಎಂಜಿನ್ ಹೂಡಿದರು ಎಂದೆ. ದೊಡ್ಡಮ್ಮನಿಗೆ ಆ ಪಾದ್ರಿಯ ನಡತೆ ಸರಿಬರಲಿಲ್ಲ: "ಪೂಜೆ ಯಾರು ಮಾಡ್ತಿದ್ರು?" ರಿಪೇರಿಯವನಿಗೆ ಮಾತ್ರ ನೀರೆತ್ತಿದ ಸುದ್ದಿಯಿಂದ ಎಂಜಿನ್ನಿನ ಮೇಲೆ ಮೊದಲ ಸಲ ಗೌರವ ಮೂಡಿತು.

ಹೀಗೆ ಕನ್ನಡದಲ್ಲಿ ವಿಜ್ಞಾನ ಹೇಳಲು ಕೂತರೆ ಬೆಳ್ಳಾವೆ ವೆಂಕಟನಾರಣಪ್ಪನವರ ನೆನಪಾಗದೆ ಇರುತ್ತದೆಯೇ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ನಡೆದು ನಿಂತುಹೋಯಿತು. ಎರಡೇ ವರ್ಷವೇ ಎಂದು ಹಿಂದೆ ಬೇಸರಪಟ್ಟಿದ್ದೆ. ನಮ್ಮ ಜಗಲಿಯ ಸಭೆಗೆ ಅರ್ಧ ಗಂಟೆ ಉತ್ತರ ಕೊಟ್ಟಮೇಲೆ, ಎರಡು ವರ್ಷ ಹೇಗೆ ನಡೆಸಿದರಪ್ಪ ಅನ್ನಿಸಿತು.

ಕೊನೆಗೆ ಎದುರುಮನೆ ಯಜಮಾನರನ್ನು ಕರೆಸಿದೆವು. ತುಮಕೂರಿನ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿ ಜಾಗ ಇಸ್ರೋ ಪಾಲಾದರೂ ಅವರ ಚಿಮಟ ಮತ್ತು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಮನೆಯಲ್ಲೇ ಉಳಿದಿವೆ. ಬಂದವರೇ ಮೊದಲು ಎಣ್ಣೆ ಬಟ್ಟಲನ್ನು ದೂರ ಸರಿಸಿದರು. ಪಿಸ್ಟನ್ ಗ್ರಾಫೈಟಿನದು, ಒಣಗಿದ್ದರೇ ಜಾರುವುದು, ಎಣ್ಣೆ ತಗುಲಿದರೆ ಅಂಟಿಕೊಳ್ಳುತ್ತದೆ. ಚಕ್ರವನ್ನು ತುಸು ತಿರುಗಿಸಿ ಬಿಟ್ಟರು. ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಬಂತು. "ಗಾಳಿ ಸೋರ್ತಿಲ್ಲ, ಅದ್ದೋದೇನೂ ಬೇಡ" ಎಂದರು. ರಿಪೇರಿಯವನ ಮುಖ ಸಣ್ಣದಾಯಿತು. ಬಿಲ್ಲೆ ಒಂದು ಬದಿಗೆ ಸವರುತ್ತಿತ್ತು. ಅದರ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿದರು. ಉಳಿದದ್ದು ಚಕ್ರದ ತೂಕ. ಎಲ್ಲಿಂದ ಬಿಟ್ಟರೂ ಒಂದೇ ಬದಿ ಕೆಳಗೆ ಬಂದು ನಿಲ್ಲುತ್ತಿತ್ತು. ಎದುರು ಬದಿಗೆ ಚೂರು ಭಾರ ಅಂಟಿಸಬೇಕು, ಅಕ್ಕಿಕಾಳೂ ಹೆಚ್ಚಾಯಿತು. ಯಜಮಾನರು ಸುತ್ತ ನೋಡಿ, "ಅಕ್ಕಾ, ನಿಮ್ಮ ಬೊಟ್ಟಿನ ಶೀಟ್ ಕೊಡಿ" ಎಂದರು. ಬೊಟ್ಟಿನ ಮೇಲೆ ಬೊಟ್ಟು ಅಂಟಿಸಿ, ಹೊಸ ಕಾಫಿ ಸುರಿದು ತಳ್ಳಿದರು. ತಿರುಗಿತು. ನಿಲ್ಲಲೇ ಇಲ್ಲ. ಎಲ್ಲರೂ ಬಾಯಿಬಿಟ್ಟುಕೊಂಡು ನೋಡಿದೆವು. ಸಂತೆಯವರು ಸಂತೆ ಮರೆತರು.

ಉತ್ಸಾಹದಲ್ಲಿ ಕಾಫಿ ತೆಗೆದು, ಫ್ರಿಜ್ಜಿನ ಐಸಿನ ಮೇಲಿಟ್ಟು ತೋರಿಸಿದೆ. ಈ ಸಲ ಉಲ್ಟಾ ತಳ್ಳಿದರೆ ಮಾತ್ರ ಓಡಿತು. ಕೆಳಗಿನದು ತಣ್ಣಗೆ, ಮೇಲಿನದು ಬೆಚ್ಚಗೆ, ಒತ್ತಡದ ಸರದಿ ತಿರುಗುಮುರುಗು ಎಂದು ವಿವರಿಸಲು ಹೊರಟೆ. ರಿಪೇರಿಯವನು ಅಷ್ಟರಲ್ಲೇ ಮುಗಿಸಿದ: "ಎರಡು ಫೇಸ್ ಅದಲುಬದಲಾದ್ರೆ ಮೋಟರ್ ಉಲ್ಟಾ ತಿರುಗಲ್ವಾ ಸಾ, ಹಂಗೆ." ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗಿತ್ತು. ಚಕ್ರವನ್ನು ನಾವೇ ಬಲವಂತವಾಗಿ ತಿರುಗಿಸಿದರೆ ಒಂದು ಬದಿ ತಣ್ಣಗಾಗುತ್ತದೆ, ಉಪಗ್ರಹದ ಇನ್‌ಫ್ರಾರೆಡ್ ಕಣ್ಣನ್ನು ತಂಪಾಗಿಡಲು ಇದೇ ವಿದ್ಯೆ ಬಳಸುತ್ತಾರೆ ಎಂದು ಸೇರಿಸಿದೆ. "ಹಂಗಾದ್ರೆ ನಮ್ಮ ಜಾಗಕ್ಕೆ ಬಂದೋರಿಗೂ ಕೆಲಸಕ್ಕೆ ಬರ್ತದೆ" ಎಂದು ಯಜಮಾನರು ಭೂತಗನ್ನಡಿ ಜೇಬಿಗಿಟ್ಟುಕೊಂಡರು.

ಎಂಜಿನ್ನಿಗೆ ಕೆಲಸ ಕೊಟ್ಟವಳು ದೊಡ್ಡಮ್ಮ. ಮಾಗಿಯ ಚಳಿಯಲ್ಲಿ ಅದನ್ನು ಬಚ್ಚಲ ಹಂಡೆಯ ಮುಚ್ಚಳದ ಮೇಲೆ ಕೂರಿಸಿದಳು. ಕೆಳಗೆ ಹಬೆ, ಮೇಲೆ ಬೆಳಗಿನ ಕೊರೆಯುವ ಗಾಳಿ. ತಟ್ಟೆಗಳ ನಡುವೆ ಅಷ್ಟು ಅಂತರ ಕಾಫಿಯಲ್ಲೂ ಸಿಕ್ಕಿರಲಿಲ್ಲ. ತಳ್ಳಿದಾಗ ತಿರುಗಿದರೆ ನೀರು ಕಾದಿದೆ, ನಿಂತರೆ ಇನ್ನೊಂದು ಸೋಗೆ ಒಲೆಗೆ. ಮನೆಮಂದಿಯೆಲ್ಲ ಬಚ್ಚಲಿಗೆ ಹೋಗುವ ಮುನ್ನ ಬೊಟ್ಟಿನ ಚಕ್ರವನ್ನು ಒಮ್ಮೆ ತಳ್ಳಿ ಅಪ್ಪಣೆ ಪಡೆಯಬೇಕಾಯಿತು.

ಶಿವರಾತ್ರಿ ಕಳೆಯಿತು. ನೀರು ಕುದಿಯುತ್ತಿದ್ದರೂ ಚಕ್ರ ತೂಕಡಿಸತೊಡಗಿತು. ಮೇಲಿನ ತಟ್ಟೆಯೂ ಬಿಸಿಯಾದರೆ ಗಾಳಿಗೆ ಕುಗ್ಗಲು ಜಾಗವೆಲ್ಲಿ ಎಂದು ನಾನು ಸಿದ್ಧಾಂತ ಹೇಳುತ್ತಿದ್ದೆ. ದೊಡ್ಡಮ್ಮ ತಣ್ಣೀರಲ್ಲಿ ಹಿಂಡಿದ ಬಟ್ಟೆಯೊಂದನ್ನು ತಟ್ಟೆಯ ಮೇಲೆ, ಚಕ್ರಕ್ಕೆ ತಾಗದಂತೆ ಹೊದಿಸಿ, ಬೆರಳಿನಿಂದ ತಳ್ಳಿದಳು.

"ಅದಕ್ಕೂ ಸೆಕೆ ಆಗಲ್ವೇನೋ? ಓಡ್ತಿದೆ ನೋಡು. ಹೋಗು, ಸ್ನಾನ ಮಾಡು."