ಎರಡೂ ಕ್ಯಾನ್ಸಲ್

ದೆಹಲಿಯ ಕಿದ್ವಾಯಿ ನಗರದಲ್ಲಿ ತೊಂಬತ್ತಕ್ಕಿಂತ ಕಡಿಮೆ ಅಂಕ ತೆಗೆದ ಮಕ್ಕಳನ್ನು ನಾನಿನ್ನೂ ಕಂಡಿಲ್ಲ. ಇರಬಹುದು. ಅಂಥವರನ್ನು ಅಪ್ಪ-ಅಮ್ಮ ಲಿಫ್ಟಿನಲ್ಲಿ ಕರೆತರುವುದಿಲ್ಲ, ಮೆಟ್ಟಿಲು ಹತ್ತಿಸುತ್ತಾರೆ.

ನಮ್ಮ ಟವರಿನ ಮೇಲಿನ ಮಹಡಿಯ ಹುಡುಗ ಎದೆಯುಬ್ಬಿಸಿ ಲಿಫ್ಟಿನಲ್ಲೇ ಓಡಾಡುವವನು. ಹನ್ನೆರಡನೇ ಕ್ಲಾಸಿನ ಗಣಿತದಲ್ಲಿ ತೊಂಬತ್ತೇಳು. ಈಗ ಬಿ.ಕಾಂ. ಆನರ್ಸ್. ಕಾಲೇಜಿನ ಹೆಸರು ಬೇಡ ಬಿಡಿ, ಯಾವುದಾದರೇನು. ಮೊನ್ನೆ ಅಸೈನ್‌ಮೆಂಟ್ ಹಿಡಿದುಕೊಂಡು ಬಂದ. ಫಂಕ್ಷನ್, ಲಾಗ್, ಗ್ರಾಫ್. ಎಲ್ಲ ಹಳೇ ಸರಕು. ಅವನಿಗೆ ಹೊಚ್ಚ ಹೊಸದು.

ನಾನು ಸುಮ್ಮನೆ ಕೇಳಿದೆ. ನೂರು ರೂಪಾಯಿಯ ಸಾಮಾನಿನ ಬೆಲೆ ಶೇ. 20 ಏರಿತು. ಆಮೇಲೆ ಶೇ. 20 ಇಳಿಯಿತು. ಈಗೆಷ್ಟು?

“ನೂರೇ ಅಂಕಲ್. ಎರಡೂ ಕ್ಯಾನ್ಸಲ್.”

ಅವನ ಅಪ್ಪನೂ ತಲೆಯಾಡಿಸಿದರು. “ಹೌದಲ್ರೀ, ಮತ್ತೆಷ್ಟು?” ಅವರು ಯಾವುದೋ ಸಚಿವಾಲಯದಲ್ಲಿ ಖರ್ಚುವೆಚ್ಚದ ಫೈಲಿಗೆ ಸಹಿ ಹಾಕುವವರು.

ಅಸೈನ್‌ಮೆಂಟ್ ಏನಾಯಿತು ಅಂದಿರಾ? ಹುಡುಗ ಫೋನಿನಲ್ಲಿ ಫೋಟೊ ತೆಗೆದ. ಉತ್ತರ ಬಂತು. ಮುತ್ತಿನಂಥ ಅಕ್ಷರದಲ್ಲಿ ಇಳಿಸಿದ. ಪೂರ್ತಿ ಅಂಕ. ಮೇಷ್ಟ್ರಿಗೆ ಗೊತ್ತು. ಮೇಷ್ಟ್ರಿಗೆ ಗೊತ್ತು ಅನ್ನುವುದು ಹುಡುಗನಿಗೂ ಗೊತ್ತು. ಇದಕ್ಕೆ ನಾವು ಆಂತರಿಕ ಮೌಲ್ಯಮಾಪನ ಎನ್ನುತ್ತೇವೆ.

ಈ ಫಂಕ್ಷನ್, ಲಾಗ್‌ಗಳನ್ನೇ ಕಲಿಸಲು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಿಕ್ಯಾಲ್ಕ್ಯುಲಸ್ ಎಂಬ ಕೋರ್ಸಿದೆ. ಕ್ಯಾಲ್ಕ್ಯುಲಸ್ಸಿನ ಹೊಸ್ತಿಲು ದಾಟುವ ಮುಂಚೆ ಕಾಲು ತೊಳೆದುಕೊಳ್ಳುವ ಜಾಗ. ಎಷ್ಟೋ ಕಡೆ ಮೊದಲೇ ಒಂದು ಪರೀಕ್ಷೆ ಕೊಟ್ಟು ಮುಖಕ್ಕೆ ಹೇಳುತ್ತಾರೆ: ನಿನಗೆ ಇಷ್ಟೂ ಬರುವುದಿಲ್ಲ, ದುಡ್ಡು ಕಟ್ಟಿ ಕಲಿ, ಆಮೇಲೆ ಒಳಗೆ ಬಾ. ಅವಮಾನವೇ. ಆದರೆ ಪ್ರಾಮಾಣಿಕ ಅವಮಾನ.

ನಮ್ಮಲ್ಲಿ ಹಾಗೆ ಹೇಳುವ ಎದೆ ಯಾರಿಗಿದೆ? ತೊಂಬತ್ತೇಳು ಬಂದವನಿಗೆ ಬರುವುದಿಲ್ಲ ಎಂದರೆ, ತೊಂಬತ್ತೇಳು ಕೊಟ್ಟವರ್ಯಾರು ಎಂಬ ಮಾತು ಬರುತ್ತದೆ.

2021 ನೆನಪಿಸಿಕೊಳ್ಳಿ. ಕೋವಿಡ್ ಅಂತ ಸಿಬಿಎಸ್ಇ ಹನ್ನೆರಡನೇ ಕ್ಲಾಸಿನ ಪರೀಕ್ಷೆಯನ್ನೇ ನಡೆಸಲಿಲ್ಲ. ಹತ್ತರದ್ದು ಮೂವತ್ತು, ಹನ್ನೊಂದರದ್ದು ಮೂವತ್ತು, ಹನ್ನೆರಡರದ್ದು ನಲವತ್ತು ಎಂದು ಒಗ್ಗರಣೆ ಹಾಕಿ ಅಂಕ ಬಡಿಸಿದರು. ಶೇ. 99.37 ಮಂದಿ ಪಾಸು. ಅದೇ ವರ್ಷ ದೆಹಲಿ ವಿಶ್ವವಿದ್ಯಾಲಯದ ಹಲವು ಕಾಲೇಜುಗಳ ಕಟ್-ಆಫ್ ಶೇ. 100. ಬರೆಯದ ಪರೀಕ್ಷೆಯಲ್ಲಿ ನೂರಕ್ಕೆ ಒಂದು ಅಂಕ ಕಡಿಮೆ ಬಂದವನು ದಡ್ಡ!

ಹುಡುಗನ ಅಸೈನ್‌ಮೆಂಟಿನ ಆ ಲಾಗ್, ಫಂಕ್ಷನ್ನುಗಳನ್ನು ಕಲಿಯಬೇಕಾದದ್ದು ಹನ್ನೊಂದರಲ್ಲಿ. ಆದರೆ ಹನ್ನೊಂದಕ್ಕೆ ಬೋರ್ಡ್ ಪರೀಕ್ಷೆಯಿಲ್ಲ. ಬೋರ್ಡ್ ಪರೀಕ್ಷೆಯಿಲ್ಲದ ಕ್ಲಾಸು ಭಾರತದಲ್ಲಿ ಕ್ಲಾಸೇ ಅಲ್ಲ. ಮಕ್ಕಳ ಹೆಸರು ಒಂದು ಶಾಲೆಯಲ್ಲಿ, ದೇಹ ಕಾಲು ಸರಾಯ್‌ನ ಕೋಚಿಂಗ್ ಸೆಂಟರಿನಲ್ಲಿ. ಡಮ್ಮಿ ಸ್ಕೂಲ್ ಎಂದು ನಾಚಿಕೆಯಿಲ್ಲದೆ ಕರೆಯುತ್ತಾರೆ. ದೆಹಲಿ, ರಾಜಸ್ಥಾನಗಳ ಇಂಥ 21 ಶಾಲೆಗಳ ಮಾನ್ಯತೆಯನ್ನು ಸಿಬಿಎಸ್ಇ 2024ರ ನವೆಂಬರಿನಲ್ಲಿ ಕಿತ್ತುಕೊಂಡಿತು. ಇಪ್ಪತ್ತೊಂದೇ! ನಮ್ಮ ಟವರಿನ ಮಕ್ಕಳನ್ನು ಕೇಳಿದ್ದರೆ ಸಂಜೆಯೊಳಗೆ ಅದಕ್ಕಿಂತ ಉದ್ದದ ಪಟ್ಟಿ ಕೊಡುತ್ತಿದ್ದರು.

ಹತ್ತನೇ ಕ್ಲಾಸಿನಲ್ಲಾದರೂ ಅಡಿಪಾಯ ಗಟ್ಟಿಯೇ? ಅಲ್ಲಿ ಗಣಿತ ಎರಡು ನಮೂನೆ. 2020ರ ಪರೀಕ್ಷೆಯಿಂದ ಸ್ಟ್ಯಾಂಡರ್ಡ್ ಒಂದು, ಬೇಸಿಕ್ ಒಂದು. ಗಟ್ಟಿ ಹಾಲು, ನೀರು ಹಾಲು. ಬೇಸಿಕ್ ತೆಗೆದುಕೊಂಡವರು ಹನ್ನೊಂದರಲ್ಲಿ ಗಣಿತ ಓದುವಂತಿಲ್ಲ ಎಂದರು. ಕೋವಿಡ್ ಬಂತು, ಓದಬಹುದು ಎಂದರು. ಎರಡೂ ಕ್ಯಾನ್ಸಲ್.

ಇನ್ನು ವಿಶ್ವವಿದ್ಯಾಲಯ. ಕೂತು ಕೇಳಿ, ಇದು ಮಜವಾಗಿದೆ.

2013ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪದವಿಯನ್ನು ಮೂರು ವರ್ಷದಿಂದ ನಾಲ್ಕಕ್ಕೆ ಏರಿಸಿತು. ಆಗಿನ ಕುಲಪತಿ ದಿನೇಶ್ ಸಿಂಗ್ ಸ್ವತಃ ಗಣಿತಜ್ಞರು. ಎಲ್ಲರಿಗೂ ಕಡ್ಡಾಯವಾಗಿ 11 ಫೌಂಡೇಶನ್ ಕೋರ್ಸು. ಅದರಲ್ಲೊಂದು ‘ಬಿಲ್ಡಿಂಗ್ ಮ್ಯಾಥಮ್ಯಾಟಿಕಲ್ ಎಬಿಲಿಟಿ’. ಸಂಸ್ಕೃತ ಓದಲು ಬಂದವಳಿಗೂ ಗಣಿತ, ಇತಿಹಾಸ ಓದಲು ಬಂದವನಿಗೂ ಗಣಿತ. ನಮಗೂ ಒಂದು ಪ್ರಿಕ್ಯಾಲ್ಕ್ಯುಲಸ್ ಬಂತು ಅಂದುಕೊಳ್ಳಿ. ಒಂದೇ ವ್ಯತ್ಯಾಸ. ಅಲ್ಲಿ ಬಾರದವರಿಗೆ ಕಲಿಸುತ್ತಾರೆ. ಇಲ್ಲಿ ಬರುವವರನ್ನೂ ಬಾರದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಇದು ಹೈಸ್ಕೂಲಿನ ಪಾಠ ಎಂದು ಅಧ್ಯಾಪಕರೇ ಗೊಣಗಿದರು.

ಬಿಲ್ಡಿಂಗ್ ಅನ್ನುವ ಮಾತು ನಮ್ಮ ಕಿದ್ವಾಯಿ ನಗರಕ್ಕೆ ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿಯವರು ಹಳೇ ಸರ್ಕಾರಿ ಕ್ವಾರ್ಟರ್ಸುಗಳನ್ನು ಕೆಡವಿ ಈ ಟವರುಗಳನ್ನು ಎಬ್ಬಿಸಿದರು. ಕೆಡವಿದ ಮೇಲೆ ಕಟ್ಟಿದರಲ್ಲ, ಅಷ್ಟು ಪುಣ್ಯ. ವಿಶ್ವವಿದ್ಯಾಲಯದಲ್ಲಿ ಕಟ್ಟಿ ವರ್ಷ ತುಂಬುವುದರೊಳಗೆ ಕೆಡವಿದರು. 2014ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಜೂನಿನಲ್ಲಿ ನಾಲ್ಕು ವರ್ಷದ ಪದವಿ ರದ್ದಾಯಿತು. ಮೊದಲ ಬ್ಯಾಚಿನ ಮಕ್ಕಳು ಮತ್ತೆ ಮೂರು ವರ್ಷದ ಚೌಕಟ್ಟಿಗೆ ಮೈ ಮಡಚಿಕೊಂಡರು. ಅವರಲ್ಲಿ ಕ್ಷಮೆ ಕೇಳಿದವರನ್ನು ನಾನು ಕಾಣೆ.

ನಾಲ್ಕು ವರ್ಷ ರಾಷ್ಟ್ರೀಯ ಶಿಕ್ಷಣ ನೀತಿಗೆ ವಿರುದ್ಧ ಎಂದಿತು ಯುಜಿಸಿ ಆಗ. 2020ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ ಬಂತು. ಅದರಲ್ಲಿ ನಾಲ್ಕು ವರ್ಷ! 2022ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ಯುಜಿಸಿಯ ಆಶೀರ್ವಾದದಲ್ಲಿ ನಾಲ್ಕು ವರ್ಷದ ಪದವಿ ಮರಳಿ ಬಂತು. ದೆಹಲಿಯಲ್ಲಿ ಕಾಂಗ್ರೆಸ್ ಕಾಲದಲ್ಲಿ ಬಂದದ್ದನ್ನು ಬಿಜೆಪಿ ಕಾಲದಲ್ಲಿ ತೆಗೆದರು. ಕರ್ನಾಟಕದಲ್ಲಿ 2021ರಲ್ಲಿ ಬಿಜೆಪಿ ತಂದದ್ದನ್ನು 2024ರಲ್ಲಿ ಕಾಂಗ್ರೆಸ್ ತೆಗೆಯಿತು. ಎರಡೂ ಕ್ಯಾನ್ಸಲ್. ನಡುವೆ ಸಿಕ್ಕಿದ ಮಕ್ಕಳು ಯಾರ ಲೆಕ್ಕದಲ್ಲೂ ಇಲ್ಲ.

ಅಂಕ ಉಬ್ಬುವುದು ದೆಹಲಿಯಲ್ಲಿ ಮಾತ್ರ ಎಂದು ಊರಿನ ಕನ್ನಡಿಗರು ನಗಬೇಡಿ. ಅದೇ 2024ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಇಡೀ ರಾಜ್ಯದಲ್ಲಿ ಲೆಕ್ಕ ಬರುತ್ತಿದ್ದದ್ದು ಆ ಕ್ಯಾಮೆರಾ ಒಂದಕ್ಕೇ.

ಮತ್ತೆ ದೆಹಲಿ ವಿಶ್ವವಿದ್ಯಾಲಯಕ್ಕೆ ಬನ್ನಿ. ಅದರ ಹೊಸ ನಾಲ್ಕು ವರ್ಷದ ಪದವಿಯಲ್ಲಿ ಎಲ್ಲರಿಗೂ ಕಡ್ಡಾಯ ಗಣಿತವಿಲ್ಲ. ಮೌಲ್ಯವರ್ಧಿತ ಕೋರ್ಸುಗಳ ಬುಟ್ಟಿಯಿದೆ, ಬೇಕಾದ್ದು ಆರಿಸಿಕೊಳ್ಳಬಹುದು. ಫಿಟ್ ಇಂಡಿಯಾ ಇದೆ. ಸ್ವಚ್ಛ ಭಾರತ ಇದೆ. ‘ಆರ್ಟ್ ಆಫ್ ಬೀಯಿಂಗ್ ಹ್ಯಾಪಿ’ ಇದೆ. ಹೌದು, ಸಂತೋಷವಾಗಿರುವುದಕ್ಕೂ ಅಸೈನ್‌ಮೆಂಟು, ಅದಕ್ಕೂ ಗ್ರೇಡು. ಸಂತೋಷದಲ್ಲಿ ಬಿ ಪ್ಲಸ್ ಬಂದವನು ಮರುಮೌಲ್ಯಮಾಪನಕ್ಕೆ ಅಳುತ್ತಾ ಅರ್ಜಿ ಹಾಕಬೇಕೋ ನಗುತ್ತಾ ಹಾಕಬೇಕೋ?

ಬುಟ್ಟಿಯಲ್ಲಿ ಗಣಿತವೂ ಇದೆ, ತಪ್ಪು ತಿಳಿಯಬೇಡಿ. ವೇದಗಣಿತ. 1965ರಲ್ಲಿ ಅಚ್ಚಾದ ಪುಸ್ತಕದ ಗಣಿತ. ಇದಕ್ಕೂ ವೇದಕ್ಕೂ ಸಂಬಂಧವಿಲ್ಲ ಎಂದು ಬೆಳಗಾವಿಯಲ್ಲಿ ಹುಟ್ಟಿದ ಗಣಿತಜ್ಞ ಎಸ್. ಜಿ. ದಾನಿ ದಶಕಗಳ ಹಿಂದೆಯೇ ಬರೆದು ಸುಸ್ತಾದರು. ನಿಜಕ್ಕೂ ಹಳೆಯದು ಬೇಕಿದ್ದರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಇದೆ. ರಾಜಾದಿತ್ಯನ ‘ವ್ಯವಹಾರಗಣಿತ’ ಇದೆ, 12ನೇ ಶತಮಾನದ್ದು, ಅಪ್ಪಟ ಕನ್ನಡ. ಅವುಗಳಲ್ಲಿ ಒಂದೇ ತೊಂದರೆ. ಲೆಕ್ಕ ಮಾಡಬೇಕಾಗುತ್ತದೆ.

ಮೇಲಿನ ಮಹಡಿಯ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಸೆಮಿಸ್ಟರ್ ರಿಸಲ್ಟ್ ಬಂದಿದೆಯಂತೆ. ಗಣಿತದಲ್ಲಿ ‘ಓ’ ಗ್ರೇಡ್. ಹತ್ತಕ್ಕೆ ಹತ್ತು ಪಾಯಿಂಟು. ಅಪ್ಪ ಪಕ್ಕದಲ್ಲೇ ನಿಂತು ಮೀಸೆ ತಿರುವುತ್ತಿದ್ದರು. ನಾನು ಇಬ್ಬರ ಕೈಯನ್ನೂ ಕುಲುಕಿದೆ. ಲಿಫ್ಟು ನಮ್ಮ ಮಹಡಿಗೆ ಬಂತು, ಇಳಿದುಕೊಂಡೆ.

ಅಂದ ಹಾಗೆ ಉತ್ತರ 96. ನಿಮ್ಮ ಮನೆಯಲ್ಲೂ ಒಂದು ತೊಂಬತ್ತೇಳು ಇರುತ್ತದೆ. ಕರೆದು ಕೇಳಿ ನೋಡಿ, ಫೋನು ಮಾತ್ರ ಮೊದಲೇ ಇಸಿದುಕೊಳ್ಳಿ.