ಉದ್ಯೋಗ ಮೇಳದ ಮೇಜಿನ ಆಚೆ ಕೂರುವವರಿಗೆ

ಮಾನ್ಯ ನೇಮಕಾತಿ ಅಧಿಕಾರಿಗಳೇ,

ನಾನು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯವನು. ನೀವು ಬೆಂಗಳೂರಿನ ಪೀಣ್ಯದಿಂದ, ಬೊಮ್ಮಸಂದ್ರದಿಂದ, ತುಮಕೂರಿನ ವಸಂತನರಸಾಪುರದಿಂದ ನಮ್ಮ ಜಿಲ್ಲೆಯ ಉದ್ಯೋಗ ಮೇಳಗಳಿಗೆ ಬರುತ್ತೀರಿ. ಕಾಲೇಜು ಮೈದಾನದ ಶಾಮಿಯಾನದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತೀರಿ. ಸಂಜೆಗೆ ಬಯೋಡೇಟಾಗಳ ಕಟ್ಟು ತೆಗೆದುಕೊಂಡು ಹೊರಡುತ್ತೀರಿ. ಆ ಕಟ್ಟಿನಲ್ಲಿ ನಮ್ಮೂರಿನ, ಧರ್ಮಪುರದ, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗ ಹುಡುಗಿಯರ ಹಾಳೆಗಳಿರುತ್ತವೆ. ಆ ಹಾಳೆಗಳಿಗೆ ಆಮೇಲೆ ಏನಾಗುತ್ತದೆ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆಂದೇ ಬೇರೆ ಮೇಳ ನಡೆಸುವ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ತಕರಾರು ಏಳುತ್ತದೆ. ಕೆಲಸ ಎಲ್ಲರಿಗೂ ಬೇಕು, ಜಾತಿ ನೋಡಿ ಕರೆಯುವುದು ಯಾವ ನ್ಯಾಯ ಎಂದು ಕೇಳುತ್ತಾರೆ. ಹೀಗೆ ಕೇಳುವವರನ್ನೆಲ್ಲ ಜಾತಿವಾದಿಗಳೆಂದು ನಾನು ತಳ್ಳಿಹಾಕುವುದಿಲ್ಲ. ಅವರಲ್ಲಿ ಕೊಳವೆಬಾವಿ ಕೊರೆಸಿ ಕೊರೆಸಿ ಸಾಲಕ್ಕೆ ಬಿದ್ದ ಕುಂಚಿಟಿಗರ, ಲಿಂಗಾಯತರ ಮನೆಯ ಮಕ್ಕಳಿದ್ದಾರೆ. ನಮ್ಮ ತಾಲ್ಲೂಕಿನ ಮಾರಿಕಣಿವೆಯ ಕಟ್ಟೆ, ಅಂದರೆ ವಾಣಿವಿಲಾಸ ಸಾಗರ, 1907ರಲ್ಲೇ ಮುಗಿಯಿತು. 2022ರಲ್ಲಿ, ಎಂಟು ದಶಕಗಳಿಗೂ ಹೆಚ್ಚು ಕಾಲದ ನಂತರ, ಕೋಡಿಯೂ ಬಿತ್ತು. ಆದರೆ ಧರ್ಮಪುರ ಹೋಬಳಿಯ ಕೆರೆಗಳಿಗೆ ನೀರು ಬಿಡಿ ಎಂಬ ಕೂಗು ಇನ್ನೂ ನಿಂತಿಲ್ಲ. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡ ರೈತನ ಮಗ, ನನಗೂ ಕೆಲಸ ಬೇಡವೇ ಎಂದು ಕೇಳಿದರೆ ಅದು ನಿಜವಾದ ಪ್ರಶ್ನೆ. ಅವನಿಗೂ ಮೇಳ ಬೇಕು. ಎಲ್ಲರಿಗೂ ತೆರೆದ ಮೇಳವನ್ನು ತಾಲ್ಲೂಕು ಕೇಂದ್ರದಲ್ಲೇ ನಡೆಸಿ ಎಂದು ಅವನ ಪರವಾಗಿ ನಾನೂ ಕೇಳುತ್ತೇನೆ.

ಆದರೆ ಬರ ಇಬ್ಬರ ಹೊಲವನ್ನೂ ಒಣಗಿಸುತ್ತದೆ ಎಂದಮಾತ್ರಕ್ಕೆ ಇಬ್ಬರ ಅರ್ಜಿಯೂ ನಿಮ್ಮ ಮೇಜಿನ ಮೇಲೆ ಒಂದೇ ರೀತಿ ಕೂರುವುದಿಲ್ಲ.

ಬಯೋಡೇಟಾದ ಮೊದಲ ಕೆಲವು ಸಾಲು ನೋಡಿ. ಹೆಸರು, ತಂದೆಯ ಹೆಸರು, ವಿಳಾಸ. ನಮ್ಮ ಜಿಲ್ಲೆಯಲ್ಲಿ ಜಾತಿ ತಿಳಿಯಲು ಜಾತಿ ಪ್ರಮಾಣಪತ್ರ ಬೇಕಿಲ್ಲ. ವಿಳಾಸದಲ್ಲಿ ಎ.ಕೆ. (ಆದಿ ಕರ್ನಾಟಕ) ಕಾಲೋನಿ ಎಂದಿದ್ದರೆ ಮುಗಿಯಿತು. ಭೋವಿ ಕಾಲೋನಿ, ಗೊಲ್ಲರಹಟ್ಟಿ, ನಾಯಕರಹಟ್ಟಿ, ತಾಂಡಾ ಎಲ್ಲವೂ ಹಾಗೆಯೇ. ಕೆಲವರ ವಿಳಾಸದಲ್ಲಿ ಬೀದಿಯ ಹೆಸರೂ ಇರುವುದಿಲ್ಲ, ಅಂಬೇಡ್ಕರ್ ನಗರ ಎಂದಷ್ಟೇ ಇರುತ್ತದೆ. ಹೆಸರಿನ ಕೊನೆಗೆ ನಾಯ್ಕ ಎಂದಿದ್ದರೆ ಲಂಬಾಣಿ ಹುಡುಗ ಎಂದು ಈ ಕಡೆಯ ಯಾರಿಗಾದರೂ ತಿಳಿಯುತ್ತದೆ. ಊರು ಕಟ್ಟುವಾಗಲೇ ಜಾತಿಗೊಂದು ದಿಕ್ಕು ಮಾಡಿ ಇಟ್ಟಿದ್ದೇವೆ. ಅಂಚೆಯವರ ಅನುಕೂಲಕ್ಕೆಂದು ಬರೆಸುವ ವಿಳಾಸ ಆ ದಿಕ್ಕನ್ನು ನಿಮ್ಮ ಕಂಪನಿಯ ಫೈಲಿಗೂ ತಲುಪಿಸುತ್ತದೆ.

ನಾವು ಜಾತಿ ನೋಡುವುದೇ ಇಲ್ಲ, ಅರ್ಹತೆ ಮಾತ್ರ ನೋಡುತ್ತೇವೆ ಎಂದು ನೀವು ಹೇಳುತ್ತೀರಿ. ನಿಮ್ಮಲ್ಲಿ ಅನೇಕರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದೀರಿ ಎಂದೇ ನಾನು ತಿಳಿದಿದ್ದೇನೆ. ಆದರೂ ಒಂದು ಅಧ್ಯಯನವನ್ನು ನಿಮ್ಮ ಮುಂದಿಡಬೇಕು. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2005ರ ಅಕ್ಟೋಬರಿನಿಂದ 66 ವಾರ, ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು, ಅನುಭವ ಸರಿಸಮ. ಹೆಸರು ಮಾತ್ರ ಬೇರೆ. ಕೆಲವು ಮೇಲ್ಜಾತಿಯ ಹೆಸರು, ಕೆಲವು ದಲಿತರದೆಂದು ತಿಳಿಯುವ ಹೆಸರು, ಕೆಲವು ಮುಸ್ಲಿಂ ಹೆಸರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ಕಂಪನಿಯಿಂದ ಕರೆ ಬರುವ ಸಂಭವ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಸಂದರ್ಶನದ ಮಾತು ಹಾಗಿರಲಿ, ಅಭ್ಯರ್ಥಿಯ ಮುಖವನ್ನೇ ಯಾರೂ ಇನ್ನೂ ನೋಡಿರಲಿಲ್ಲ.

ಅದೇ 2007ರಲ್ಲಿ ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ದೆಹಲಿಯ ಸುತ್ತಿನ ದೊಡ್ಡ ಕಂಪನಿಗಳ ನೇಮಕಾತಿ ಮುಖ್ಯಸ್ಥರನ್ನು ಮಾತನಾಡಿಸಿ ಬರೆದರು. ಅರ್ಹತೆಯೊಂದೇ ಮುಖ್ಯ ಎಂದ ಅಧಿಕಾರಿಗಳೇ, ಸಂದರ್ಶನದಲ್ಲಿ ಕುಟುಂಬದ ಹಿನ್ನೆಲೆ ಕೇಳುತ್ತೇವೆ ಎಂದೂ ಹೇಳಿದ್ದರು. ಅಪ್ಪ ಏನು ಮಾಡುತ್ತಾರೆ, ಮನೆಯಲ್ಲಿ ಎಷ್ಟು ಓದಿದವರಿದ್ದಾರೆ, ಊರು ಯಾವುದು. ಮೇಳದಲ್ಲಿ ನೀವೂ ಇದನ್ನೇ ಕೇಳುತ್ತೀರಿ. ಮಾತು ಶುರುಮಾಡಲು ಕೇಳಿದ್ದು, ಹುಡುಗನಿಗೆ ಧೈರ್ಯ ಬರಲಿ ಎಂದು ಕೇಳಿದ್ದು ಎನ್ನುತ್ತೀರಿ. ಅಪ್ಪ ಕೂಲಿ, ಅಮ್ಮ ಕೂಲಿ, ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು ಎಂದು ಹೇಳುವ ಹುಡುಗಿ ಆ ಕ್ಷಣದಲ್ಲಿ ಧ್ವನಿ ತಗ್ಗಿಸುತ್ತಾಳೆ. ತಗ್ಗಿದ ಧ್ವನಿಯನ್ನು ನೀವು 'ಆತ್ಮವಿಶ್ವಾಸ ಕಡಿಮೆ' ಎಂದು ಬರೆದುಕೊಳ್ಳುತ್ತೀರಿ. ಹೊಲಿಗೆ ಯಂತ್ರದ ಕೆಲಸಕ್ಕೋ ಅಕೌಂಟ್ಸ್ ಕೆಲಸಕ್ಕೋ ಅಪ್ಪನ ಕಸುಬು ಯಾಕೆ ಬೇಕು? ದಯವಿಟ್ಟು ಆ ಪ್ರಶ್ನೆಯನ್ನು ಬಿಟ್ಟುಬಿಡಿ.

ಕಾನೂನು ಇಲ್ಲಿ ನಮಗೆ ಹೆಚ್ಚು ನೆರವಾಗುವುದಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಹುದ್ದೆಗಳ ಮಾತು. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರ ಉದ್ಯೋಗಕ್ಕೆ ಅಡ್ಡಿ ಮಾಡಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಿಜ. ಆದರೆ ಸದ್ದಿಲ್ಲದೆ ಬದಿಗೆ ಸರಿಸಿದ ಬಯೋಡೇಟಾಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಯಾಕೆ ತೆಗೆದುಕೊಳ್ಳಲಿಲ್ಲ ಎಂದು ನೀವು ಯಾರಿಗೂ ಹೇಳಬೇಕಾಗಿಲ್ಲ. ಹುಡುಗ ಒಂದು ತಿಂಗಳು ಫೋನ್ ನೋಡಿಕೊಂಡು ಕೂರುತ್ತಾನೆ, ಆಮೇಲೆ ಅಡಿಕೆ ಸುಲಿಯಲು ಹೋಗುತ್ತಾನೆ.

ಇನ್ನು ಪ್ರತ್ಯೇಕ ಮೇಳವೇ ಅನ್ಯಾಯ ಎನ್ನುವವರಿಗೆ. ನೇಮಕಾತಿಯಲ್ಲಿ ಪ್ರತ್ಯೇಕ ಕರೆ ಹೊಸದೇನಲ್ಲ. ನೀವು ಇಂಜಿನಿಯರುಗಳನ್ನು ಆರಿಸಲು ಬೆಂಗಳೂರಿನ ಕೆಲವೇ ಕಾಲೇಜುಗಳ ಕ್ಯಾಂಪಸ್ಸಿಗೆ ಹೋಗುತ್ತೀರಿ. ಆ ಗೇಟಿನೊಳಗೆ ಹಿರಿಯೂರಿನ ಸರ್ಕಾರಿ ಪದವಿ ಕಾಲೇಜಿನ ಹುಡುಗ ಕಾಲಿಡುವಂತಿಲ್ಲ. ಖಾಲಿ ಇರುವ ಜಾಗಕ್ಕೆ ನಿಮ್ಮ ಸಿಬ್ಬಂದಿಯ ಪರಿಚಯದವರನ್ನೇ ತರಲು ಹೇಳಿ, ತಂದವರಿಗೆ ಬಹುಮಾನದ ಹಣವನ್ನೂ ಕೊಡುತ್ತೀರಿ. ಕಂಪನಿಯಲ್ಲಿ ಈಗಾಗಲೇ ಇರುವವರ ನೆಂಟರು, ಸಹಪಾಠಿಗಳು, ಒಂದೇ ಬಡಾವಣೆಯವರು ಆ ದಾರಿಯಲ್ಲಿ ಬರುತ್ತಾರೆ. ನಮ್ಮ ಎ.ಕೆ. ಕಾಲೋನಿಯಿಂದ ನಿಮ್ಮ ಕಂಪನಿಗೆ ಇಲ್ಲಿಯವರೆಗೆ ಯಾರೂ ಸೇರಿಲ್ಲದಿದ್ದರೆ, ಮುಂದೆಯೂ ಅಲ್ಲಿಂದ ಯಾರ ಹೆಸರನ್ನೂ ಯಾರೂ ಹೇಳುವುದಿಲ್ಲ. ಆ ಕೊರತೆ ತುಂಬಲು ಒಂದು ದಿನ ಅವರನ್ನೇ ಕರೆದು ಕೂರಿಸಿ ಮಾತನಾಡಿಸಿದರೆ ಯಾರ ಹಕ್ಕೂ ಹೋಗುವುದಿಲ್ಲ. ಕರೆಯುವುದು ಬೇರೆ, ಆರಿಸುವುದು ಬೇರೆ. ಕರೆಯನ್ನು ಹಿಂದುಳಿದ ಕಡೆಗೆ ಚಾಚಿ, ಆಯ್ಕೆಯಲ್ಲಿ ಎಲ್ಲರಿಗೂ ಒಂದೇ ಅಳತೆ ಇಟ್ಟರೆ ಅದು ನ್ಯಾಯವೇ.

ಅರ್ಹತೆಯ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. 1918ರಲ್ಲಿ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರ ಪಾಲು ಹೆಚ್ಚಿಸುವ ಬಗ್ಗೆ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದಾಗಲೂ ಆಡಳಿತದ ದಕ್ಷತೆ ಕೆಡುತ್ತದೆ ಎಂಬ ವಾದ ಜೋರಾಗಿ ಎದ್ದಿತ್ತು. ದಿವಾನ ವಿಶ್ವೇಶ್ವರಯ್ಯನವರಿಗೂ ಈ ಕ್ರಮ ಒಪ್ಪಿಗೆಯಾಗಲಿಲ್ಲ, ಅದೇ ವರ್ಷ ಅವರು ಹುದ್ದೆ ಬಿಟ್ಟರು. ಮರುವರ್ಷ ಬಂದ ವರದಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದಿತು. ದಕ್ಷತೆಯನ್ನು ಪರೀಕ್ಷೆಯ ಅಂಕವೊಂದರಿಂದಲೇ ಅಳೆಯಲಾಗದು, ಜನರ ಬಗೆಗಿನ ಸಹಾನುಭೂತಿ, ಪ್ರಾಮಾಣಿಕತೆ, ವಿವೇಕ ಕೂಡ ಅಧಿಕಾರಿಯನ್ನು ದಕ್ಷನನ್ನಾಗಿಸುತ್ತವೆ ಎಂಬ ಅರ್ಥದ ಮಾತನ್ನೂ ಸಮಿತಿ ಬರೆದಿತ್ತು. ನೂರು ವರ್ಷ ಕಳೆದರೂ ಖಾಸಗಿ ಕಂಪನಿಗಳ ಜೊತೆ ಅದೇ ವಾದವನ್ನು ಮೊದಲಿನಿಂದ ಆಡಬೇಕಾಗಿ ಬಂದಿರುವುದು ನನಗೆ ನೋವಿನ ಸಂಗತಿ.

ಸರ್ಕಾರಿ ಕೆಲಸವೇ ಇದೆಯಲ್ಲ, ಮೀಸಲಾತಿಯೂ ಇದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ಹೌದು, ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ 15ರಿಂದ 17ಕ್ಕೆ, ಪಂಗಡದ್ದನ್ನು ಶೇ 3ರಿಂದ 7ಕ್ಕೆ ಏರಿಸುವ ಕಾನೂನು 2022ರಲ್ಲಿ ಆಯಿತು. ಪರಿಶಿಷ್ಟ ಜಾತಿಗಳೊಳಗೇ ಪಾಲು ಹಂಚುವ ಒಳಮೀಸಲಾತಿಯ ಬಗ್ಗೆ ಸದಾಶಿವ ಆಯೋಗ ವರದಿ ಕೊಟ್ಟಿದ್ದು 2012ರಲ್ಲಿ. ಸುಪ್ರೀಂ ಕೋರ್ಟ್ ಒಳಮೀಸಲಾತಿಗೆ ದಾರಿ ಬಿಟ್ಟಿದ್ದು 2024ರ ಆಗಸ್ಟ್ 1ರಂದು. ನಾಗಮೋಹನ್ ದಾಸ್ ಆಯೋಗದ ವರದಿಯ ಮೇಲೆ ಸಚಿವ ಸಂಪುಟ ಆ ಶೇ 17ನ್ನು 6:6:5 ಎಂದು ಹಂಚಲು ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ಅಲೆಮಾರಿ ಸಮುದಾಯಗಳು ಆ ಹಂಚಿಕೆಯಲ್ಲಿ ತಮ್ಮ ಪಾಲು ಕರಗಿತೆಂದು ಬೀದಿಗಿಳಿದವು. ಮಾದಿಗರ, ಭೋವಿಗಳ ಗುರುಪೀಠಗಳೆರಡೂ ಇರುವ ಚಿತ್ರದುರ್ಗದಲ್ಲಿ ಈ ಪ್ರತಿಯೊಂದು ತಾರೀಖನ್ನೂ ಮನೆಮನೆಯವರು ಕಾದಿದ್ದಾರೆ. ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡವೆಂದು ತಡೆದದ್ದರಿಂದ ಎಷ್ಟೋ ಮಕ್ಕಳ ವಯಸ್ಸು ಮೀರಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಸರ್ಕಾರಿ ಹುದ್ದೆ ಖಾಲಿ ಬಿದ್ದಿದ್ದವು, ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಪ್ರತಿಭಟಿಸಿ ಬೀದಿಗೆ ಬಂದರು. ಇದ್ದ ಕೆಲಸವೂ ಹೊರಗುತ್ತಿಗೆಗೆ ಹೋಯಿತು. ಹೊರಗುತ್ತಿಗೆಯಲ್ಲೂ ಮೀಸಲಾತಿ ಕೊಡಬೇಕೆಂಬ 2024ರ ಆದೇಶ 20ಕ್ಕಿಂತ ಕಡಿಮೆ ಜನರ ಗುತ್ತಿಗೆಗೆ ಅನ್ವಯಿಸುವುದಿಲ್ಲ. ಹೀಗಿರುವಾಗ ಸರ್ಕಾರದ ಬಾಗಿಲು ತೋರಿಸಿ ನಿಮ್ಮ ಬಾಗಿಲು ಮುಚ್ಚಿಕೊಳ್ಳುವುದು ಸರಿಯಲ್ಲ.

2024ರ ಜುಲೈ ನಿಮಗೆ ನೆನಪಿರಬೇಕು. ಖಾಸಗಿ ವಲಯದಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮದವರು ದನಿ ಎತ್ತಿದ ಕೂಡಲೇ, ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಒತ್ತಾಯದ ಕಾನೂನು ಬೇಡ, ನಾವೇ ಮಾಡುತ್ತೇವೆ ಎಂದು ನಿಮ್ಮ ಸಂಘಗಳು ಬಹಳ ಹಿಂದಿನಿಂದ ಹೇಳುತ್ತಿವೆ. 2006ರಲ್ಲಿ ಉದ್ಯಮ ಸಂಘಗಳೇ ರಚಿಸಿದ ಜೆ.ಜೆ. ಇರಾನಿ ಅವರ ಕಾರ್ಯಪಡೆ ಪರಿಶಿಷ್ಟರ ವಿಷಯದಲ್ಲಿ ಇದೇ ಭರವಸೆ ಕೊಟ್ಟಿತ್ತು. ಆಗ ಹುಟ್ಟಿದ ಮಗು ಇವತ್ತು ಪದವಿ ಓದುವ ವಯಸ್ಸಿಗೆ ಬಂದಿದೆ. ಆ ಭರವಸೆಯಿಂದ ಹಿರಿಯೂರು ತಾಲ್ಲೂಕಿನ ಎಷ್ಟು ಮಂದಿಗೆ ಕೆಲಸವಾಯಿತು? ದಯವಿಟ್ಟು ಲೆಕ್ಕ ಕೊಡಿ.

ಅಮೆರಿಕದಲ್ಲಿ ಜನಾಂಗ ನೋಡಿ ಕೆಲಸಕ್ಕೆ ಕರೆಯುವ ಬಗ್ಗೆ ಈಗ ದೊಡ್ಡ ಜಗಳ ನಡೆದಿದೆ. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ನೇಮಕದಲ್ಲಿ ಭೇದ ಮಾಡದೆ, ಹಿಂದುಳಿದವರನ್ನು ಹುಡುಕಿ ಕರೆಯಬೇಕು ಎಂದು 1965ರಲ್ಲಿ ಅಧ್ಯಕ್ಷ ಜಾನ್ಸನ್ ಹೊರಡಿಸಿದ್ದ ಆದೇಶವನ್ನು 2025ರ ಜನವರಿ 21ರಂದು ಟ್ರಂಪ್ ರದ್ದು ಮಾಡಿದರು. ಅದನ್ನು ತೋರಿಸಿ ಇಲ್ಲಿಯೂ ಜಾತಿಯ ಲೆಕ್ಕ ಬೇಡ ಎನ್ನುವ ಕಂಪನಿಗಳಿಗೆ ನನ್ನದೊಂದು ಮನವಿ: ಅಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬ ಅಂಕಿಅಂಶ ದಶಕಗಳಿಂದ ದೊಡ್ಡ ಕಂಪನಿಗಳಿಂದ ಸರ್ಕಾರಕ್ಕೆ ಸಲ್ಲಿಕೆಯಾಗುತ್ತಾ ಬಂದಿದೆ. ಅವರು ಎಣಿಸಿದ ಮೇಲೆ ಜಗಳವಾಡುತ್ತಿದ್ದಾರೆ. ನಮ್ಮ ಖಾಸಗಿ ಕಂಪನಿಗಳಲ್ಲಿ ಹಾಗೆ ಜಾತಿವಾರು ಎಣಿಸಿ ಸರ್ಕಾರಕ್ಕೆ ಕೊಡುವ ಪದ್ಧತಿಯೇ ಇಲ್ಲ.

ಪರಿಶಿಷ್ಟರ ಮೇಳಗಳ ಬಗ್ಗೆ ನನಗೂ ಒಂದು ಭಯವಿದೆ, ಮುಚ್ಚಿಡುವುದಿಲ್ಲ. ಅಂಥ ಮೇಳಕ್ಕೆ ಬರುವಾಗ ಕಂಪನಿಗಳು ಹೆಲ್ಪರ್, ಪ್ಯಾಕಿಂಗ್, ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸಗಳನ್ನಷ್ಟೇ ತಂದು, ಸೂಪರ್‌ವೈಸರ್, ಅಕೌಂಟ್ಸ್, ಲ್ಯಾಬ್, ಸಾಫ್ಟ್‌ವೇರ್ ಹುದ್ದೆಗಳನ್ನು ಕ್ಯಾಂಪಸ್ಸಿಗೆ ಎತ್ತಿಡಬಹುದು. ಹಾಗಾದರೆ ಹಳೆಯ ಊರಿನ ಕೆಲಸದ ಹಂಚಿಕೆಯೇ ಹೊಸ ಸಮವಸ್ತ್ರ ತೊಟ್ಟು ಬಂದಂತಾಗುತ್ತದೆ. ಬಿಎಸ್ಸಿ ಕೆಮಿಸ್ಟ್ರಿ ಓದಿದವಳಿಗೆ ನೆಲ ಒರೆಸುವ ಕೆಲಸ ತೋರಿಸಿ, ನಾವು ಅವಕಾಶ ಕೊಟ್ಟೆವು ಎಂದು ಫೋಟೊ ತೆಗೆಸಿಕೊಳ್ಳುವುದಾದರೆ ಆ ಮೇಳ ಬೇಡವೇ ಬೇಡ. ಕ್ಯಾಂಪಸ್ಸಿಗೆ ಯಾವ ಹುದ್ದೆ ಒಯ್ಯುತ್ತೀರೋ ಅದನ್ನೇ ಇಲ್ಲಿಗೂ ತನ್ನಿ. ಹುದ್ದೆ ಯಾವುದು, ಕೈಗೆ ಸಿಗುವ ಸಂಬಳ ಎಷ್ಟು, ಪಿಎಫ್ ಇದೆಯೋ, ಇಎಸ್‌ಐ ಇದೆಯೋ, ಕಂಪನಿಯ ನೇರ ನೇಮಕವೋ ಏಜೆನ್ಸಿಯ ಮೂಲಕವೋ ಎಂಬುದನ್ನು ಮೇಜಿನ ಮುಂದೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಆಮೇಲೆ ಬಯೋಡೇಟಾ ಶಾರ್ಟ್‌ಲಿಸ್ಟ್ ಮಾಡುವವರ ಕೈಗೆ ಹೆಸರು, ತಂದೆಯ ಹೆಸರು, ವಿಳಾಸದ ಭಾಗ ಮುಚ್ಚಿ ಕೊಡಿ. ಕಷ್ಟದ ಕೆಲಸವಲ್ಲ. ವಿಶ್ವವಿದ್ಯಾಲಯಗಳು ಉತ್ತರ ಪತ್ರಿಕೆಯ ನಂಬರು ಮುಚ್ಚಿ ಮೌಲ್ಯಮಾಪಕರಿಗೆ ಕಳಿಸುವುದು ನಿಮಗೇ ಗೊತ್ತು. ಆಯ್ಕೆಯಾಗದವರಿಗೆ ಯಾವ ಕೌಶಲ ಕಡಿಮೆಯಾಯಿತು ಎಂದು ಎರಡು ಸಾಲು ಬರೆದು ತಿಳಿಸಿ. ಸೇರಿದವರಿಗೆ ಮೊದಲ ತಿಂಗಳ ವಾಸಕ್ಕೆ ನೀವೇ ವ್ಯವಸ್ಥೆ ಮಾಡಿ; ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಮನೆ ಮಾಲೀಕರು 'ನೀವು ಯಾವ ಜನ' ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಸೋತು ಊರಿಗೆ ವಾಪಸ್ ಬಂದ ಮಕ್ಕಳನ್ನು ನಾನು ಬಲ್ಲೆ. ಆರು ತಿಂಗಳ ಮೇಲೆ ಮೇಳಕ್ಕೆ ಬಂದವರೆಷ್ಟು, ಆಯ್ಕೆಯಾದವರೆಷ್ಟು, ಸೇರಿದವರೆಷ್ಟು, ಇನ್ನೂ ಉಳಿದವರೆಷ್ಟು ಎಂಬುದನ್ನು ಸಮುದಾಯವಾರು, ಹುದ್ದೆವಾರು ಪ್ರಕಟಿಸಿ. ಸಾಮಾನ್ಯ ಮೇಳದ ಅಂಕಿಗಳನ್ನೂ ಪಕ್ಕದಲ್ಲೇ ಇಡಿ. ಆಗ ಕುಂಚಿಟಿಗರ ಹುಡುಗನ ಪ್ರಶ್ನೆಗೂ ಮಾದಿಗರ ಹುಡುಗಿಯ ಪ್ರಶ್ನೆಗೂ ಊಹೆಯಿಂದಲ್ಲ, ಅಂಕಿಯಿಂದ ಉತ್ತರ ಸಿಗುತ್ತದೆ. ಬಡತನ ಇಬ್ಬರನ್ನೂ ಹೊರಗಿಟ್ಟಿದೆಯೋ, ಜಾತಿ ಒಬ್ಬಳನ್ನು ಮತ್ತಷ್ಟು ದೂರ ಇಟ್ಟಿದೆಯೋ ಎಂಬುದು ಎಲ್ಲರಿಗೂ ಕಾಣುತ್ತದೆ.

ಕೊನೆಗೆ ಇನ್ನೊಂದು ಕೋರಿಕೆ. ಹರಿಯಬ್ಬೆಯಿಂದ ಚಿತ್ರದುರ್ಗಕ್ಕೆ ಬರಬೇಕೆಂದರೆ ಹಿರಿಯೂರಿನಲ್ಲಿ ಬಸ್ಸು ಬದಲಿಸಬೇಕು. 2023ರ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು, ಹುಡುಗರಿಗೆ ಒಂದು ದಿನದ ಕೂಲಿಯ ಜೊತೆ ಬಸ್‌ಚಾರ್ಜೂ ಹೋಗುತ್ತದೆ. ಮೇಳದ ಸುದ್ದಿ ಹಿಂದಿನ ದಿನ ವಾಟ್ಸ್ಆ್ಯಪಿನಲ್ಲಿ ಬಂದರೆ ಫೋನ್ ಇದ್ದವರಿಗೆ ಮಾತ್ರ ತಲುಪುತ್ತದೆ. ಹದಿನೈದು ದಿನ ಮೊದಲೇ ಗ್ರಾಮ ಪಂಚಾಯಿತಿಗಳಿಗೆ ಪಟ್ಟಿ ಕಳಿಸಿ, ಕಾಲೋನಿಗಳಲ್ಲಿ ಡಂಗುರ ಸಾರಿಸಿ, ಮುಂದಿನ ಮೇಳವನ್ನು ಧರ್ಮಪುರದಲ್ಲೇ ನಡೆಸಿ. ಜಾಗ, ಕುಡಿಯುವ ನೀರು, ಮಧ್ಯಾಹ್ನದ ಊಟದ ವ್ಯವಸ್ಥೆಯನ್ನು ಊರಿನವರೊಂದಿಗೆ ಸೇರಿ ನಾನು ನೋಡಿಕೊಳ್ಳುತ್ತೇನೆ. ನೀವು ಹುದ್ದೆಗಳನ್ನು ತನ್ನಿ.

ಇಂತಿ ನಿಮ್ಮ ವಿಶ್ವಾಸಿ,
ಹರಿಯಬ್ಬೆಯ ಒಬ್ಬ ನಿವಾಸಿ